ಗುಳ್ಳೆ ಮೇಷ್ಟ್ರು ಕುಳಿತ ಬಗೆ

ವಾಹನಗಳ ಮೈಮೇಲೆ ಬಣ್ಣದ ಸ್ಟಿಕ್ಕರ್ ಹಾಳೆ ಅಂಟಿಸುವ ವಿದ್ಯೆಗೆ ವಿಶ್ವವಿದ್ಯಾಲಯವಿಲ್ಲ, ಪದವಿಯಿಲ್ಲ, ಪದಕವಂತೂ ಮೊದಲೇ ಇಲ್ಲ. ಆದರೂ ಈ ಊರಿನ ರಸ್ತೆಗಳಲ್ಲಿ ಓಡಾಡುವ ಬ್ರೆಡ್ಡಿನ ವ್ಯಾನು, ಶಾಲೆಯ ಬಸ್ಸು, ಆಂಬುಲೆನ್ಸು, ನೀರಿನ ಟ್ಯಾಂಕರು ಇವುಗಳಲ್ಲಿ ಯಾವುದರ ಪಕ್ಕದಲ್ಲಾದರೂ ನಿಂತು ಅಂಗೈಯಿಂದ ಸವರಿ ನೋಡಿದಾಗ, ಹಾಳೆ ಎಲ್ಲಿ ಮುಗಿಯಿತು, ತಗಡು ಎಲ್ಲಿ ಶುರುವಾಯಿತು ಎಂಬುದು ತಿಳಿಯದೆ ಹೋದರೆ, ಅದು ಗುಳ್ಳೆ ಮೇಷ್ಟ್ರ ಕೈಕೆಲಸವೆಂದು ಧಾರಾಳವಾಗಿ ಹೇಳಬಹುದು. ಈ ಕಸುಬಿನಲ್ಲಿ ಅವರಿಗಿಂತ ಚುರುಕಾದವರಿದ್ದಾರೆ, ಅವರಿಗಿಂತ ಮಾತುಗಾರರಂತೂ ಬೇಕಾದಷ್ಟಿದ್ದಾರೆ. ಅವರಷ್ಟು ಹಠಮಾರಿ ಮಾತ್ರ ಮತ್ತೊಬ್ಬರಿಲ್ಲ. ಇಂಥ ಅಭಿನಂದನ ಗ್ರಂಥದಲ್ಲಿ ಹೊಗಳಿಕೆಗೇ ಮೊದಲ ಮಣೆ ಎಂಬುದನ್ನು ಅರಿತೂ ಈ ಮಾತನ್ನು ಇಲ್ಲಿಯೇ ಹೇಳಿಬಿಡಬೇಕಾಗಿದೆ, ಏಕೆಂದರೆ ಆ ಹಠವನ್ನು ಬಿಟ್ಟು ಅವರ ಸೇವೆಯ ಕತೆ ಹೇಳಲು ಬರುವುದಿಲ್ಲ.

ಅವರು ಮೊದಲು ಕುಂಚ ಹಿಡಿದು ಅಂಗಡಿಗಳ ಬೋರ್ಡು ಬರೆಯುತ್ತಿದ್ದವರು. ಯಂತ್ರ ಕತ್ತರಿಸಿಕೊಟ್ಟ ಸ್ಟಿಕ್ಕರಿನ ಕಾಲ ಬಂದಾಗ ಓರಗೆಯವರೆಲ್ಲ ಮೂಗು ಮುರಿದರೆ, ಇವರು ತೋಳು ಮಡಿಸಿ, ಗಾಡಿಗಳಿಗೆ ಸ್ಟಿಕ್ಕರ್ ಅಂಟಿಸುವ ನಮ್ಮ ಶೆಡ್ಡಿಗೆ ಬಂದರು. ಬಂದ ಹೊಸತರಲ್ಲೇ ಅವರಿಗೆ ಈ ಹೆಸರು ಅಂಟಿಕೊಂಡಿತು. ಹಾಳೆಯ ಅಡಿಯಲ್ಲಿ ಗಾಳಿ ಸಿಕ್ಕಿಕೊಂಡು ಏಳುವ ಗುಳ್ಳೆ ಅವರ ಆಜನ್ಮ ವೈರಿ. ಒಮ್ಮೆ ಕೆಲಸ ಮುಗಿದ ವ್ಯಾನೊಂದು ಗೇಟು ದಾಟಿ ಹೋಗುವಾಗ, ಅದರ ಬಾಗಿಲ ಮೇಲೆ ಸಾಸಿವೆಯಷ್ಟು ದೊಡ್ಡ ಗುಳ್ಳೆ ಕಂಡಿತೆಂದು ಸೂಜಿ ಹಿಡಿದು ಹಿಂದೆಯೇ ಓಡಿದರು. ಮುಂದಿನ ಸಿಗ್ನಲಿನಲ್ಲಿ ಕೆಂಪು ದೀಪ ಬಿದ್ದು ವ್ಯಾನು ನಿಂತದ್ದೇ ತಡ, ಬಗ್ಗಿ ಚುಚ್ಚಿದರು. ಚಾಲಕ ಕಿಟಕಿಯಿಂದ ತಲೆ ಹಾಕಿ, "ಏನ್ರೀ, ಟೈರ್ ಪಂಕ್ಚರ್ ಮಾಡ್ತಿದ್ದೀರಾ?" ಎಂದು ಕೂಗಿದ. "ಗಾಳಿ ತೆಗೀತಾ ಇದೀನಿ ಸ್ವಾಮಿ, ಆದ್ರೆ ನಿಮ್ಮ ಟೈರಿಂದಲ್ಲ," ಎಂದು ಮೇಷ್ಟ್ರು ಹೆಬ್ಬೆರಳಿನಿಂದ ಆ ಜಾಗವನ್ನು ಒತ್ತಿ, ದೀಪ ಹಸಿರಾಗುವಷ್ಟರಲ್ಲಿ ರಸ್ತೆ ಬಿಟ್ಟು ಬಂದರು.

ಉಪಕಾರ ಮಾಡುವುದರಲ್ಲಿಯೂ ಅವರದು ಇದೇ ಬಗೆ: ಹೇಳುವುದಿಲ್ಲ, ಕೇಳುವುದಿಲ್ಲ, ಮಾಡಿಬಿಡುತ್ತಾರೆ. ಬಿಸಿಲಲ್ಲಿ ತಗಡು ಕಾದು ಕೆಂಡವಾಗಿರುವ ಕಡೆಯನ್ನು ತಾವು ಹಿಡಿದು, ನೆರಳಿನ ಕಡೆಯನ್ನು ಇತರರಿಗೆ ಬಿಡುತ್ತಿದ್ದರು. ನಮ್ಮ ಶೆಡ್ಡಿನ ವೆಲ್ಡರಿನ ಬಲಗೈ ಒಮ್ಮೆ ಸುಟ್ಟು ಬ್ಯಾಂಡೇಜಿನೊಳಗೆ ಸೇರಿದಾಗ, ಆತ ಮಧ್ಯಾಹ್ನ ಊಟಕ್ಕೆ ಕುಳಿತರೆ ಡಬ್ಬಿಯ ಮುಚ್ಚಳ ಆಗಲೇ ತೆರೆದಿರುತ್ತಿತ್ತು. ಒಂದು ಕೈಯಲ್ಲಿ ಅದನ್ನು ತೆರೆಯುವ ಪಾಡು ಆತನಿಗೆ ಒಂದು ದಿನವೂ ಬರಲಿಲ್ಲ. ತೆರೆದವರು ಯಾರೆಂದು ಗೊತ್ತಿದ್ದರೂ ಆತ ಬಾಯಿ ಬಿಡಲಿಲ್ಲ, ಬಿಟ್ಟಿದ್ದರೆ ಮರುದಿನದಿಂದ ಆ ಉಪಕಾರ ನಿಂತುಹೋಗುತ್ತಿತ್ತು. ಮೇಷ್ಟ್ರು ಮನೆಗೆ ಹೋಗಿ ಹೆಂಡತಿಯ ಬಳಿ ಮಾತ್ರ, "ಪಾಪ, ಬಲಗೈ ಕಣೇ, ಡಬ್ಬಿ ನಾನೇ ತೆಗೆದಿಡ್ತೀನಿ," ಎಂದಿದ್ದರು.

ಈ ಕೆಲಸ ನೋಡುವವರ ಕಣ್ಣಿಗೆ ಹಗುರ, ಮಾಡುವವರ ಮೈಗೆ ಭಾರ. ಬಸ್ಸಿನ ಮೇಲಂಚಿಗೆ ತೋಳೆತ್ತಿ ಉಜ್ಜಬೇಕು, ಕೆಳಂಚಿಗೆ ಸಿಮೆಂಟು ನೆಲದ ಮೇಲೆ ಮಂಡಿಯೂರಬೇಕು. ವಯಸ್ಸು ಮಾಗುತ್ತ ಬಂದಂತೆ ಮೇಷ್ಟ್ರ ಭುಜ ಒಂದು ಕಡೆ, ಮಂಡಿ ಇನ್ನೊಂದು ಕಡೆ. ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯಿತು ಎಂಬಂತೆ ದೇಹದ ಸಂಸಾರ ನಡೆಯತೊಡಗಿತು. ಹಾಳೆಯ ಅಂಚನ್ನು ಒತ್ತಿ ಒತ್ತಿ ಬೆರಳ ತುದಿಯ ಗೆರೆಗಳು ಎಷ್ಟು ಸವೆದಿದ್ದವೆಂದರೆ, ಅವರ ಸ್ವಂತ ಮೊಬೈಲೇ ಅವರನ್ನು ಗುರುತಿಸದಾಯಿತು. ಹೆಬ್ಬೆರಳು ನೋಯುವ ದಿನ ಅಂಗಿಯ ಮೇಲಿನ ಗುಂಡಿಯನ್ನು ಹೆಂಡತಿಯೇ ಹಾಕಿಕೊಡಬೇಕಾಗುತ್ತಿತ್ತು. ಇವೆಲ್ಲವನ್ನೂ ಅವರು ನಕ್ಕು ಸಹಿಸಿದರು. ನಗು ಬಾರದಂತೆ ಮಾಡಿದ್ದು ಮಂಡಿ ಒಂದೇ.

ಅವರ ಮನೆಯವರು ಹೊಲಿಗೆಯಲ್ಲಿ ಪಳಗಿದ ಕೈಯವರು, ಶೆಡ್ಡಿನ ಹಿಂದಿನ ಬೀದಿಯಲ್ಲಿ ಅವರದೇ ಪುಟ್ಟ ಅಂಗಡಿಯಿದೆ, ಅಂಗಡಿಯ ಹಿಂದೆಯೇ ಮನೆ. ಮೇಷ್ಟ್ರ ಕೆಲಸದ ಪ್ಯಾಂಟುಗಳೆಲ್ಲ ಮಂಡಿಯ ಬಳಿಯೇ ಹರಿಯುತ್ತಿದ್ದುದರಿಂದ, ದಪ್ಪನೆಯ ನೀಲಿ ಕ್ಯಾನ್ವಾಸಿನ ಒಂದು ಥಾನನ್ನು ಆಕೆ ತೇಪೆಗೆಂದೇ ತೆಗೆದಿಟ್ಟಿದ್ದರು. "ರೀ, ಈ ಪ್ಯಾಂಟಲ್ಲಿ ಈಗ ಪ್ಯಾಂಟಿಗಿಂತ ತೇಪೆನೇ ಜಾಸ್ತಿ," ಎಂದು ಗೊಣಗುತ್ತಲೇ ಜೋಡಿ ಹೊಲಿಗೆ ಹಾಕಿ, ಮೂಲೆಗೊಂದು ಅಡ್ಡ ಗುಣಾಕಾರದ ಗುರುತು ಹೊಲಿದು ಗಟ್ಟಿಮಾಡುತ್ತಿದ್ದರು. ಆ ಗುಣಾಕಾರ ಆಕೆಯ ಕೈಯ ಸಹಿ ಇದ್ದಂತೆ.

ಕೊನೆಗೆ ವೈದ್ಯರು ಮಂಡಿಯನ್ನು ಮಡಿಸಿ ಬಿಡಿಸಿ ನೋಡಿ, "ಒಂದೋ ಮಂಡಿ ಊರೋದು ಬಿಡಿ, ಇಲ್ಲಾ ಕೆಲಸ ಬಿಡಿ," ಎಂದರು. ಸುದ್ದಿ ಕೇಳಿದ ಶೆಡ್ಡಿನ ಯಜಮಾನಿಯವರು, ಒಳಗೆ ಮೇಜಿನ ಮುಂದೆ ಕುಳಿತು, ಯಂತ್ರ ಕತ್ತರಿಸಿದ ಅಕ್ಷರಗಳ ಸುತ್ತಲಿನ ಬೇಡದ ಹಾಳೆಯನ್ನು ಸುಲಿಯುವ ಕೆಲಸ ಕೊಡುವುದಾಗಿ ವಿಶ್ವಾಸದಿಂದಲೇ ಹೇಳಿದರು. ಮೇಷ್ಟ್ರು ಒಪ್ಪಲಿಲ್ಲ. "ಗಾಡಿ ಮುಟ್ಟದೆ ಗಾಡಿ ಕೆಲಸವೇನಮ್ಮಾ? ಕೆಸರು ಹಾರೋದು ಕೆಳಗೆ, ಹಾಳೆ ಏಳೋದು ಕೆಳಗೆ. ಕೆಳಂಚು ನೋಡದವನು ಗಾಡಿ ಅಂಟಿಸಿದ ಅಂತ ಹೇಳ್ಕೋಬಾರದು," ಎಂದು ಮತ್ತೆ ಮಂಡಿಯೂರಿದರು.

ಆದರೆ ಹಠಕ್ಕೂ ಒಂದು ದಿನ ಉತ್ತರ ಸಿಕ್ಕಿತು. ಅವರೇ ಅಂಟಿಸಿದ ಬ್ರೆಡ್ಡಿನ ವ್ಯಾನು ಕೆಲವೇ ವಾರಗಳಲ್ಲಿ ವಾಪಸು ಬಂತು, ಹಿಂದಿನ ಚಕ್ರದ ಬಳಿ ಕೆಳಂಚು ಗೇಣುದ್ದ ಎದ್ದು ಒಳಗೆಲ್ಲ ಮಣ್ಣು. ಮೇಷ್ಟ್ರು ಕಂಬ ಹಿಡಿದು ಬಗ್ಗಿ ನೋಡಿದರು. ನೋವು ತಡೆಯಲಾರದೆ ಅಂದು ಅಲ್ಲಿ ಅವಸರದಲ್ಲಿ ಉಜ್ಜಿ ಎದ್ದಿದ್ದು ಅವರಿಗೆ ನೆನಪಿತ್ತು. "ಇದು ನನ್ನ ಕೆಲಸ," ಎಂದಷ್ಟೇ ಹೇಳಿ, ಕಿತ್ತು ಮತ್ತೆ ಅಂಟಿಸಿಕೊಟ್ಟರು. ಮನೆಗೆ ಬಂದು ಹೆಂಡತಿಗೆ, "ಇನ್ನೊಂದು ಗಾಡಿ ಹೀಗೆ ವಾಪಸ್ ಬಂದ್ರೆ ನಾನೇ ಕೆಲಸ ಬಿಡ್ತೀನಿ ಕಣೇ," ಎಂದಾಗ ಅವರ ದನಿಯಲ್ಲಿ ಕೋಪವಿರಲಿಲ್ಲ, ಭಯವಿತ್ತು. ಬಾಳೆಲ್ಲ ನೆಚ್ಚಿಕೊಂಡು ಬಂದ ಕೈಕೆಲಸಕ್ಕೆ ಮಂಡಿಯಿಂದಾಗಿ ಕೆಟ್ಟ ಹೆಸರು ಬಂದರೆ ತಲೆಯೆತ್ತಿ ನಿವೃತ್ತರಾಗುವುದು ಹೇಗೆ ಎಂಬುದೇ ಅವರ ಕೊರಗು.

ಆ ವಾರವೇ ವೆಲ್ಡರ್ ಒಂದು ಗಿಡ್ಡ ಸ್ಟೂಲು ಮಾಡಿ, ಕಾಲಿಗೆ ಚಕ್ರ ಕೂರಿಸಿ, ಮೇಷ್ಟ್ರ ಮುಂದೆ ತಂದಿಟ್ಟ. ಕುಳಿತೇ ಕೆಳಂಚು ಮುಟ್ಟಬಹುದು, ಕುಳಿತೇ ಮುಂದಕ್ಕೆ ಜಾರಬಹುದು. ಮೇಷ್ಟ್ರು ಅದನ್ನು ಓರೆಗಣ್ಣಿನಿಂದ ನೋಡಿದರು.

"ಇದನ್ನ ನಿಮ್ಮ ತಾತಂಗೆ ಕೊಡು."

"ತಾತ ಹೋಗಿ ಎಷ್ಟೋ ವರ್ಷ ಆಯ್ತು ಮೇಷ್ಟ್ರೇ."

"ಹಾಗಾದ್ರೆ ನೀನೇ ಕೂತ್ಕೋ!"

ಸಿಟ್ಟಿನಲ್ಲಿ ಆಡಿದ ಮಾತು, ಆದರೆ ವೆಲ್ಡರ್ ಅದನ್ನು ಅಪ್ಪಣೆಯೆಂದೇ ತೆಗೆದುಕೊಂಡ. ಮರುವಾರ ದೊಡ್ಡದೊಂದು ಶಾಲಾ ಬಸ್ಸು ಶೆಡ್ಡಿಗೆ ಬಂದ ಬೆಳಿಗ್ಗೆ ಮೇಷ್ಟ್ರು ಒಳಗೆ ಕಾಲಿಟ್ಟರೆ, ಕಲ್ಲಿನಂಥ ಮಂಡಿಯ ಗಟ್ಟಿಮುಟ್ಟು ಜನವೆಲ್ಲ ಒಬ್ಬೊಬ್ಬರೂ ಒಂದೊಂದು ಚಕ್ರದ ಸ್ಟೂಲಿನ ಮೇಲೆ ಕುಳಿತು ಬಸ್ಸಿನ ಸುತ್ತ ಜಾರಾಡುತ್ತಿದ್ದಾರೆ! ಎಲ್ಲ ಸ್ಟೂಲಿಗೂ ಮೆತ್ತನೆಯ ದಿಂಬು. ಹೆಚ್ಚಿಗೆ ಒಂದು ಸ್ಟೂಲು ಮಾತ್ರ ಮೂಲೆಯಲ್ಲಿ ಖಾಲಿ. ಮೇಷ್ಟ್ರಿಗೆ ನಾಟಕ ಅರ್ಥವಾಗದೆ ಇರಲಿಲ್ಲ. ಹಲ್ಲು ಕಚ್ಚಿ, ಒಬ್ಬರೇ ನೆಲಕ್ಕೆ ಮಂಡಿಯೂರಿ, ಕೆಲಸ ಶುರುಮಾಡಿದರು.

ಅಭ್ಯಾಸವಿಲ್ಲದ ಜನ, ನುಣುಪು ನೆಲ. ಹಾಳೆ ಉಜ್ಜುವ ಪಟ್ಟಿ ಒತ್ತಿದರೆ ಸ್ಟೂಲು ಹಿಂದಕ್ಕೆ ಓಡುತ್ತಿತ್ತು. ಒಬ್ಬ ಜಾರಿ ಹೋಗಿ ನೀರಿನ ಬಕೆಟ್ಟಿಗೆ ಡಿಕ್ಕಿ ಹೊಡೆದ. ಕೆಲಸ ಕೆಡುವುದನ್ನು ನೋಡಿ ಸುಮ್ಮನಿರುವ ಜಾಯಮಾನ ಮೇಷ್ಟ್ರದಲ್ಲ. "ಅಯ್ಯೋ ನಿಮ್ಮ! ಹಾಗಲ್ಲಪ್ಪ ಕೂರೋದು!" ಎಂದು ಗದರುತ್ತ ಖಾಲಿ ಸ್ಟೂಲನ್ನು ಎಳೆದುಕೊಂಡರು, ಚಕ್ರ ನೋಡಲೆಂದು ತಲೆಕೆಳಗು ಮಾಡಿದರು. ದಿಂಬಿನ ಬಟ್ಟೆ ದಪ್ಪನೆಯ ನೀಲಿ ಕ್ಯಾನ್ವಾಸು. ಅಂಚಿಗೆ ಜೋಡಿ ಹೊಲಿಗೆ. ಮೂಲೆಮೂಲೆಗೂ ಗುಣಾಕಾರ. ಮೇಷ್ಟ್ರು ಸ್ಟೂಲನ್ನು ಇದ್ದಲ್ಲೇ ಬಿಟ್ಟು, ಹಿಂದಿನ ಬೀದಿಯ ಹೊಲಿಗೆ ಅಂಗಡಿಗೆ ನಡೆದರು.

"ಏನೇ, ದೊಡ್ಡ ಆರ್ಡರ್ ಬಂದಿತ್ತಾ?"

"ಬಂದಿತ್ತು. ದಿಂಬು," ಎಂದರು ಆಕೆ, ಯಂತ್ರದಿಂದ ಕಣ್ಣೆತ್ತದೆ.

"ನನ್ನನ್ನ ಒಂದು ಮಾತು ಕೇಳಬಾರದಿತ್ತಾ? ಊರಿಗೆಲ್ಲ ನನ್ನ ಮಂಡಿ ಸುದ್ದಿನಾ?"

ಯಂತ್ರ ನಿಂತಿತು. "ಆವತ್ತು ಕೈ ಸುಟ್ಟವನ ಊಟದ ಡಬ್ಬಿ ತೆಗೆದಿಡ್ತಿದ್ರಲ್ಲ, ಅವನನ್ನ ಕೇಳಿದ್ರಾ?"

ಮೇಷ್ಟ್ರು ಬಾಗಿಲ ಚೌಕಟ್ಟಿಗೆ ಒರಗಿದರು. ಆಕೆಯೇ ಮುಂದುವರಿಸಿದರು. "ಮಂಡಿ ನಿಮ್ಮದೇ ಇರಬಹುದು ಕಣ್ರೀ. ನಿದ್ದೆಯಲ್ಲಿ ನೀವು ನರಳೋದು ಕೇಳಿಸಿಕೊಂಡು ಬಿದ್ದಿರೋಳು ನಾನು. ತೇಪೆ ಹಾಕಿ ಹಾಕಿ ನನಗೂ ಸಾಕಾಗಿದೆ. ಅದೇ ಬಟ್ಟೆ, ಮಂಡಿಗೆ ಬೇಡ, ಕೂರೋದಕ್ಕೆ ಇರಲಿ ಅಂತ ಹೊಲಿದೆ. ಕೂತರೆ ಕೂರಿ, ಬಿಟ್ಟರೆ ಬಿಡಿ." ಹೇಳುತ್ತ ಹೇಳುತ್ತ ಆಕೆ ಮತ್ತೆ ಯಂತ್ರ ತುಳಿಯತೊಡಗಿದರು. ಮೇಷ್ಟ್ರು ನೆಲಕ್ಕೆ ಬಿದ್ದಿದ್ದ ನೀಲಿ ಚೂರೊಂದನ್ನು ಬಹಳ ಕಷ್ಟಪಟ್ಟು ಬಗ್ಗಿ ಎತ್ತಿ ಮೇಜಿನ ಮೇಲಿಟ್ಟು ಹೊರಟರು.

ಶೆಡ್ಡಿಗೆ ಬಂದವರೇ, ತಲೆಕೆಳಗಾಗಿದ್ದ ಸ್ಟೂಲನ್ನು ನೆಟ್ಟಗೆ ಮಾಡಿ, ಬಸ್ಸಿನ ಹಿಂಚಕ್ರದ ಬಳಿಗೆ ತಂದು, ಕುಳಿತರು. ಒಬ್ಬರೂ ಅತ್ತ ನೋಡಲಿಲ್ಲ. ಎಲ್ಲರಿಗೂ ಆ ಕ್ಷಣದಲ್ಲಿ ಎಲ್ಲಿಲ್ಲದ ಕೆಲಸ. "ಬ್ರೇಕಿಲ್ಲದ ಸ್ಟೂಲು ಮಾಡಿದ ಮಹಾನುಭಾವ ಯಾರಪ್ಪ?" ಎಂದು ಮೇಷ್ಟ್ರು ಕೇಳಿದ್ದೇ, ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡಂತೆ ವೆಲ್ಡರ್ ಎದ್ದು ನಿಂತ. "ನಾಳೆಗೆ ಬ್ರೇಕ್ ಇರಬೇಕು. ಎಲ್ಲದಕ್ಕೂ," ಎಂದರು ಮೇಷ್ಟ್ರು. ಆ ಬಸ್ಸಿನ ಸುತ್ತಲಿನ ಕೆಳಂಚನ್ನೆಲ್ಲ ಅವರೊಬ್ಬರೇ ಕುಳಿತು ಮುಗಿಸಿದರು. ಅಲ್ಲಿಂದ ಮುಂದೆ ಅವರು ಅಂಟಿಸಿದ ಒಂದು ಗಾಡಿಯೂ ವಾಪಸು ಬಂದದ್ದಿಲ್ಲ.

ಬಳಿಕ ಅವರೇ ಆ ಸ್ಟೂಲಿನ ದೊಡ್ಡ ವಕೀಲರಾದರೆಂಬುದು ಬೇರೆ ಮಾತು. ಯಾರಾದರೂ ನೆಲಕ್ಕೆ ಮಂಡಿಯೂರಿದ್ದು ಕಂಡರೆ, "ಏಳು ಮೇಲೆ! ಮಂಡಿ ಹೋದ ಮೇಲೆ ಕೂರೋದು ದಡ್ಡತನ, ಅದನ್ನ ನಾನು ಮಾಡಿ ಮುಗಿಸಿದೀನಿ, ನೀನು ಬೇರೆ ಏನಾದ್ರೂ ಮಾಡು," ಎಂದು ಬೈಯುತ್ತಿದ್ದರು. ನಮ್ಮ ಶೆಡ್ಡಿನಲ್ಲಿ ಇಂದಿಗೂ ಯಾರೂ ಮಂಡಿಯೂರುವುದಿಲ್ಲ. ನಿವೃತ್ತಿಯಾದ ಮೇಲೂ ಮೇಷ್ಟ್ರು ಬಿಡುವಾದಾಗ ಬೆಳಿಗ್ಗೆ ಬಂದು, ಅದೇ ಸ್ಟೂಲಿನಲ್ಲಿ ಗಾಡಿಗಳ ಸುತ್ತ ಒಂದು ಸುತ್ತು ಜಾರಿ, ಗುಳ್ಳೆ ಹುಡುಕಿ, ಬೈದು, ಸಂತೋಷವಾಗಿ ಮನೆಗೆ ಹೋಗುತ್ತಾರೆ.

ಈ ಗ್ರಂಥಕ್ಕೆ ಮೇಷ್ಟ್ರದೊಂದು ಭಾವಚಿತ್ರ ಬೇಕೆಂದು ವೆಲ್ಡರ್ ಅವರ ಮನೆಗೆ ಹೋಗಿದ್ದಾಗ, ಮನೆಯವರು ಒಳಗಿನಿಂದ ಹಿಡಿದು ತಂದದ್ದು ಮೇಷ್ಟ್ರ ಕೊನೆಯ ಕೆಲಸದ ಪ್ಯಾಂಟು. "ಫೋಟೊ ಯಾಕಪ್ಪ? ಇದನ್ನೇ ಹಾಕಿಸು. ಮಂಡಿ ನೋಡು, ಅಂಗಡಿಯಿಂದ ತಂದ ಹಾಗಿದೆ," ಎಂದು ಮೆಲ್ಲನೆ ಅದನ್ನು ಹಿಂದುಮುಂದು ಮಾಡಿದರು. ಕೂರುವ ಜಾಗದಲ್ಲಿ ನೀಲಿ ಕ್ಯಾನ್ವಾಸಿನ ತೇಪೆ, ತೇಪೆಯ ಮೇಲೊಂದು ತೇಪೆ, ಮೂಲೆಮೂಲೆಗೂ ಗುಣಾಕಾರ. "ಲೇ, ಒಳಗಿಡೇ ಅದನ್ನ, ಮಾನ ಹೋಗುತ್ತೆ!" ಎಂದು ಮೇಷ್ಟ್ರು ಕುರ್ಚಿಯಿಂದ ತಟ್ಟನೆ ಎದ್ದರು. ಹೌದು, ತಟ್ಟನೆ, ಏನನ್ನೂ ಹಿಡಿದುಕೊಳ್ಳದೆ. ಅದನ್ನು ಕಂಡ ಆಕೆ ಪ್ಯಾಂಟನ್ನು ಮುಖಕ್ಕೆ ಅಡ್ಡ ಹಿಡಿದುಕೊಂಡರು.

ಮೇಷ್ಟ್ರ ಮಾನಕ್ಕಾಗಿ ಆ ಪ್ಯಾಂಟಿನ ಚಿತ್ರವನ್ನು ಇಲ್ಲಿ ಅಚ್ಚು ಹಾಕಿಸಿಲ್ಲ. ಅವರು ನೂರು ಕಾಲ ಸುಖವಾಗಿ ಬಾಳಲಿ, ಗುಳ್ಳೆಗಳಿಗೆ ಯಮನಾಗಿ, ನಮಗೆ ಗುರುವಾಗಿ ಶೆಡ್ಡಿಗೆ ಬರುತ್ತಲಿರಲಿ. ಇನ್ನು ಮುಂದೆ ಅವರು ತೊಡುವ ಪ್ಯಾಂಟುಗಳೆಲ್ಲವೂ ಮಂಡಿ ಮಾಸದೆ, ಕೂತು ಕೂತೇ ಹರಿಯಲಿ, ಹೊಲಿಯುವ ಕೈ ಪಕ್ಕದಲ್ಲೇ ಇರಲಿ.