ಒಸ್ವಾಲ್ಡ್ ಸರ್ ಅವರ ಘನ ಅಧ್ಯಕ್ಷತೆಯಲ್ಲಿ

ಮಣ್ಣಗುಡ್ಡದ ನಮ್ಮ ಫ್ಲ್ಯಾಟಿನಲ್ಲಿ ಲಿಫ್ಟ್ ಕೆಟ್ಟರೆ ಮೆಕ್ಯಾನಿಕ್ ಬರುವ ಮೊದಲು ಸಭೆ ಸೇರುತ್ತದೆ. ಇದಕ್ಕೆ ಕಾರಣ ಮೂರನೇ ಮಹಡಿಯ ಒಸ್ವಾಲ್ಡ್ ಕ್ರಾಸ್ತಾ. ಮಾಲೀಕರ ಸಂಘಕ್ಕೆ ಅಧ್ಯಕ್ಷರಾಗಲು ಬೇರೆ ಯಾರೂ ಒಪ್ಪದ ಕಾರಣ ನಾವೇ ಕೈಕಾಲು ಹಿಡಿದು ಅವರನ್ನು ಕುರ್ಚಿಯಲ್ಲಿ ಕೂರಿಸಿದೆವು. ಅನುಭವಿಸುತ್ತಿರುವವರೂ ನಾವೇ.

ಒಸ್ವಾಲ್ಡ್ ಸರ್ ನಿವೃತ್ತ ಇತಿಹಾಸ ಮಾಸ್ಟ್ರು. ಹಂಪನಕಟ್ಟೆಯ ಹತ್ತಿರದ ಒಂದು ಹೈಸ್ಕೂಲಿನಲ್ಲಿ ಕಲಿಸುತ್ತಿದ್ದಾಗ ಅವರಿಗೆ ಮಾಡೆಲ್ ಯುಎನ್ ಎಂಬ ಗೀಳು ಹತ್ತಿತು. ವಿಶ್ವಸಂಸ್ಥೆಯ ನಕಲು ಸಭೆ ಅದು. ಮಕ್ಕಳು ಕೋಟು ತೊಟ್ಟು ಬೆವರುತ್ತಾ, ಒಬ್ಬ ಫ್ರಾನ್ಸ್, ಇನ್ನೊಬ್ಬಳು ಘಾನಾ ಎಂದು ದೇಶದ ಬೋರ್ಡು ಮುಂದಿಟ್ಟುಕೊಂಡು ಜಗತ್ತಿನ ಕಷ್ಟಗಳನ್ನು ಚರ್ಚಿಸುತ್ತಾರೆ. ಬೆಳಗ್ಗೆ ಯುದ್ಧಕ್ಕೆ ನಿಂತಿದ್ದ ರಷ್ಯಾ ಮತ್ತು ಅಮೆರಿಕ ಮಧ್ಯಾಹ್ನ ಒಂದೇ ಬೆಂಚಿನಲ್ಲಿ ಕೂತು ಬಿರಿಯಾನಿ ತಿನ್ನುತ್ತವೆ. ಇದರಲ್ಲಿ ಮಕ್ಕಳಿಗೆ ಭಾಷಣ ಮುಖ್ಯ, ತಂದೆತಾಯಿಗೆ ಫೋಟೋ ಮುಖ್ಯ. ಒಸ್ವಾಲ್ಡ್ ಸರ್‌ಗೆ ಮಾತ್ರ ನಿಯಮ ಮುಖ್ಯ. ಯಾರು ಯಾವಾಗ ಬೋರ್ಡು ಎತ್ತಬೇಕು, ಎಷ್ಟು ಹೊತ್ತು ಮಾತಾಡಬೇಕು, ಬಾಯಾರಿದರೆ ಯಾವ ಮಾತಿನಲ್ಲಿ ಅಪ್ಪಣೆ ಕೇಳಬೇಕು ಎಂಬುದನ್ನೆಲ್ಲ ಸೇರಿಸಿ ಅವರು ಒಂದು ನಿಯಮಾವಳಿಯನ್ನೇ ಬರೆದರು. ಈಗಲೂ ಊರಿನ ಹಲವು ಶಾಲೆಗಳಲ್ಲಿ ಅದೇ ಚಲಾವಣೆಯಲ್ಲಿದೆ. ಡಿಸೆಂಬರ್ ಬಂತೆಂದರೆ ಸರ್ ಟೈ ಇಸ್ತ್ರಿ ಮಾಡಿಸಿಕೊಂಡು ಅಧ್ಯಕ್ಷತೆಗೆ ಹೊರಡುತ್ತಾರೆ.

ಆ ನಿಯಮಾವಳಿಯಲ್ಲಿ ಅವರಿಗೆ ಅತ್ಯಂತ ಪ್ರಿಯವಾದ ನಿಯಮವೆಂದರೆ, ಅಧ್ಯಕ್ಷರು ಪಕ್ಷ ಹಿಡಿಯಕೂಡದು. ಅವರಿಗೆ ಓಟಿಲ್ಲ, ಅಭಿಪ್ರಾಯವೂ ಇಲ್ಲ. ಇದನ್ನು ಬರೆಯುವ ಎಷ್ಟೋ ಮೊದಲೇ ಅವರು ಪಾಲಿಸುತ್ತಿದ್ದರು ಎನ್ನುತ್ತಾರೆ ಅವರ ಹೆಂಡತಿ ಗೆರ್ಟ್ರೂಡ್ ಬಾಯಿ. ಮದುವೆಯಾದ ಹೊಸತರಲ್ಲಿ ಮೀನು ಸಾರಿಗೆ ಹುಣಸೆ ಹಾಕಬೇಕೋ ಬಿಂಬುಳಿ ಕಾಯಿ ಹಾಕಬೇಕೋ ಎಂದು ಅತ್ತೆ ಸೊಸೆಗೆ ಜಟಾಪಟಿಯಾದರೆ, ಸರ್ ಇಬ್ಬರ ಮಾತನ್ನೂ ಸಮನಾಗಿ ಕೇಳಿ, ಎರಡೂ ಸಾರನ್ನು ಹೊಗಳಿ, ಶಾಲೆಗೆ ಹೊರಟುಬಿಡುತ್ತಿದ್ದರಂತೆ. ಸಂತನಂಥ ಮನುಷ್ಯ ಎಂದು ನಾನೊಮ್ಮೆ ಹೇಳಿದ್ದಕ್ಕೆ ಗೆರ್ಟ್ರೂಡ್ ಬಾಯಿ ತರಕಾರಿ ಹೆಚ್ಚುವುದನ್ನು ನಿಲ್ಲಿಸಿ ಹೇಳಿದರು: "ಸಂತರು ಮದುವೆ ಆಗ್ಲಿಕ್ಕಿಲ್ಲ. ಅದಕ್ಕೂ ಒಂದು ನಿಯಮ ಉಂಟು, ಇವರಿಗೆ ಅದು ಯಾರೂ ಹೇಳ್ಲಿಲ್ಲ."

ನನಗೆ ಒಸ್ವಾಲ್ಡ್ ಸರ್ ಎಂದರೆ ಇಷ್ಟ. ಒಂದು ಮಗುವಿಗೂ ಬೆತ್ತ ತೋರಿಸದ ಮಾಸ್ಟ್ರು ಅವರು. ಮಾತಾಡಲು ಹೆದರುವ ಮಕ್ಕಳನ್ನೇ ಹುಡುಕಿ ವೇದಿಕೆಗೆ ಹತ್ತಿಸುತ್ತಿದ್ದರು. ಅಂಥವರ ಮೇಲೆ ಬರುವ ಸಿಟ್ಟು ಬೇಗ ಇಳಿಯುವುದಿಲ್ಲ, ಅದೇ ನನ್ನ ಕಷ್ಟ.

ಹಾಗೆ ವೇದಿಕೆ ಹತ್ತಿದವರಲ್ಲಿ ಜಸೀಲಾ ಒಬ್ಬಳು. ಈಗ ಫಾರ್ಮಸಿ ಕಾಲೇಜಿನಲ್ಲಿ ಲೆಕ್ಚರರ್. ತಾಯಿಯ ಜೊತೆ ಅವಳು ಬಾಡಿಗೆಗಿದ್ದ ಹಳೆ ಮನೆಯನ್ನು ಕಳೆದ ವರ್ಷ ಒಡೆಯುವುದೆಂದಾಯಿತು. ಅದೇ ಸಮಯಕ್ಕೆ ನಮ್ಮ ಮೇಲಿನ ಮಹಡಿಯ ಹೇಮಾಕ್ಷಿಯಕ್ಕ ಮಗಳ ಮನೆ ಸೇರಿದ್ದರಿಂದ ಅವರ ಫ್ಲ್ಯಾಟು ಖಾಲಿಯಿತ್ತು. ಮನೆ ಉಂಟೆಂದು ಜಸೀಲಾಳಿಗೆ ತಿಳಿಸಿದವರು ಒಸ್ವಾಲ್ಡ್ ಸರ್. ಹೇಮಾಕ್ಷಿಯಕ್ಕ ಹುಡುಗಿಯನ್ನು ನೋಡಿ ತಕ್ಷಣ ಒಪ್ಪಿದರು. ಒಂದು ಭಾನುವಾರ ಸಾಮಾನು ತರುವುದೆಂದು ಮಾತಾಯಿತು.

ಶನಿವಾರ ಸಂಜೆ ಕಾರ್ಯದರ್ಶಿ ಮುಖೇಶ್ ವಾಟ್ಸಾಪ್ ಗುಂಪಿನಲ್ಲಿ ತುರ್ತು ಸಭೆ ಕರೆದ. ಟೈಲ್ಸ್ ಅಂಗಡಿಯ ಮುಖೇಶ್ ಬಾಯಿ ತುಂಬ ನಗುವವ, ಎಲ್ಲರ ಮದುವೆಮುಂಜಿಗೂ ಮೊದಲು ಬರುವವ. ವಿಷಯ: ಯಾವುದೇ ಫ್ಲ್ಯಾಟನ್ನು ಬಾಡಿಗೆಗೆ ಕೊಡುವ ಮೊದಲು ಸಂಘದ ಒಪ್ಪಿಗೆ ಬೇಕು, ನಾಳೆಯಿಂದಲೇ. ಯಾರ ಹೆಸರೂ ಅದರಲ್ಲಿರಲಿಲ್ಲ. ಎಲ್ಲರಿಗೂ ಅರ್ಥವಾಯಿತು.

ಭಾನುವಾರ ತಾರಸಿಯ ಶೀಟಿನ ಕೆಳಗೆ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಕೂತೆವು. ಗೆರ್ಟ್ರೂಡ್ ಬಾಯಿ ಸಂಬಂಧಿಕರ ಮದುವೆಗೆ ಹೋಗಿದ್ದರು. ಸರ್ ಸಭೆಗಾಗಿ ಮದುವೆ ಬಿಟ್ಟಿದ್ದರು. ಇನ್ನೂ ಹಾಜರಿ ಕೂಗುತ್ತಿರುವಾಗಲೇ ಕೆಳಗೆ ಗೇಟಿನಲ್ಲಿ ಟೆಂಪೋ ನಿಂತಿತು. ನಾನು ಎದ್ದು ಬಗ್ಗಿ ನೋಡಿದೆ. ಫ್ರಿಜ್ಜು, ಮಂಚ, ಎರಡು ಗೋದ್ರೆಜ್ ಕಪಾಟು. ಸುತ್ತಿಟ್ಟ ಹಾಸಿಗೆಯ ಪಕ್ಕದಲ್ಲಿ ಜಸೀಲಾಳ ತಾಯಿ ಬಿಸಿಲಿಗೆ ಸೆರಗು ಅಡ್ಡ ಹಿಡಿದು ಕೂತಿದ್ದರು. ವಾಚ್‌ಮನ್ ದೊಡ್ಡ ಗೇಟು ತೆಗೆದಿರಲಿಲ್ಲ, ಮುಖೇಶ್ ಹೇಳಿಟ್ಟಿದ್ದ.

"ಸರ್, ಕೆಳಗೆ ಜನ ಕಾಯ್ತಾ ಇದ್ದಾರೆ," ಎಂದೆ.

"ದಯವಿಟ್ಟು ಕೂತ್ಕೊಳ್ಳಿ. ನಿಮ್ಮ ಹೆಸರು ಪಟ್ಟಿಯಲ್ಲಿ ಬರುವಾಗ ಹೇಳಿ," ಎಂದರು ಸರ್.

ಮುಖೇಶ್ ಎದ್ದ. "ನನಗೆ ಪರ್ಸನಲ್ ಎಂತದ್ದೂ ಇಲ್ಲ ಮಾರಾಯ್ರೆ. ನನ್ನ ಅರ್ಧ ಕಸ್ಟಮರ್ಸ್ ಅವರ ಜನವೇ. ನೀರಿನ ಪ್ರಾಬ್ಲೆಮ್ ಉಂಟಲ್ಲ, ಅದಕ್ಕೆ ಹೇಳಿದ್ದು."

ಇಬ್ಬರು ಹೆಂಗಸರು ಕುಡಿದು, ಮಿಂದು, ಒಗೆದು ಖಾಲಿ ಮಾಡಲಿರುವ ನೀರಿನ ಬಗ್ಗೆ ಆಮೇಲೆ ಬಹಳ ಗಂಭೀರ ಚರ್ಚೆ ನಡೆಯಿತು. ಮುಖೇಶನ ಮನೆಯಲ್ಲಿ ಏಳು ಜನ, ಎರಡು ಕಾರು ದಿನಾ ಪೈಪಿನಲ್ಲಿ ತೊಳೆಯುತ್ತಾರೆ. ಇನ್ನೊಬ್ಬರು ಅಡುಗೆಯ ವಾಸನೆ ಎಂದರು. ಆ ಹೊತ್ತಿಗೆ ಅವರದೇ ಅಡುಗೆಮನೆಯಿಂದ ಬಂಗುಡೆ ಮೀನು ಹುರಿಯುವ ಘಮ ತಾರಸಿಯವರೆಗೂ ಬರುತ್ತಿತ್ತು. ಹೇಮಾಕ್ಷಿಯಕ್ಕ ಪರ್ಸಿನೊಳಗಿನ ಬೀಗದ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡು, "ಎನ್ನ ಇಲ್ಲ್, ನನ್ನ ಮನೆ, ನಾನು ಯಾರಿಗೆ ಬೇಕಾದ್ರೂ ಕೊಡ್ತೇನೆ," ಎಂದು ತುಳುವನ್ನೂ ಕನ್ನಡವನ್ನೂ ಸೇರಿಸಿ ಕೂಗಿದರು. ನನ್ನ ಸರದಿ ಬಂದಾಗ ಸಿಟ್ಟಿನಲ್ಲಿ ತೊದಲಿಯೇ ಒಂದು ನಿಮಿಷ ಹೋಯಿತು. ವಾಕ್ಯ ಪೂರ್ತಿಯಾಗುವ ಮೊದಲು ಸರ್ ಪೆನ್ನಿನಿಂದ ಲೋಟಕ್ಕೆ ಬಡಿದರು. ಹೊತ್ತು ಮುಗಿಯಿತೆಂದು ಅರ್ಥ.

ಆಗ ಜಸೀಲಾ ಮೆಟ್ಟಿಲು ಹತ್ತಿ ಬಂದಳು. ಬೆವರು ಒರೆಸಿಕೊಂಡು ಬಾಗಿಲಿನಲ್ಲೇ ನಿಂತು, ಶಾಲೆಯಲ್ಲಿ ಕಲಿತ ಹಾಗೆಯೇ ಕೈ ಎತ್ತಿದಳು.

"ಸರ್, ಸದಸ್ಯರಲ್ಲದವರೂ ಅಧ್ಯಕ್ಷರ ಅಪ್ಪಣೆ ಪಡೆದು ಮಾತಾಡಬಹುದು ಅಂತ ನೀವು ಹೇಳಿಕೊಟ್ಟದ್ದು. ನನಗೆ ಎರಡು ಮಾತು ಹೇಳ್ಲಿಕ್ಕೆ ಉಂಟು."

ಒಸ್ವಾಲ್ಡ್ ಸರ್ ಅವರ ಮುಖ ಅರಳಿತು. ಇಷ್ಟು ವರ್ಷದ ಮೇಲೂ ಹುಡುಗಿ ನಿಯಮ ಮರೆತಿಲ್ಲ. "ಖಂಡಿತ. ಆದರೆ ಸದಸ್ಯರ ಆಕ್ಷೇಪ ಇರಬಾರದು," ಎಂದು ನಮ್ಮ ಕಡೆ ತಿರುಗಿದರು. "ಯಾರದ್ದಾದರೂ ಆಕ್ಷೇಪ ಉಂಟಾ?"

"ಉಂಟು," ಎಂದ ಮುಖೇಶ್, ನಗುತ್ತಲೇ. "ಇದು ಓನರ್ಸ್ ಮೀಟಿಂಗ್."

ಸರ್ ಅವನನ್ನು ನೋಡಿದರು. ಜಸೀಲಾಳನ್ನು ನೋಡಿದರು. ಕೂತಲ್ಲಿಂದ ಎದ್ದು, "ಇವಳು ನನ್ನ ವಿದ್ಯಾರ್ಥಿ, ಈ ಮನೆ ತೋರಿಸಿದವ ನಾನು," ಎಂದಿದ್ದರೆ ಸಾಕಿತ್ತು. ಮುಖೇಶನೂ ಬಾಯಿ ಮುಚ್ಚುತ್ತಿದ್ದ ಎಂದು ಇಂದಿಗೂ ನಂಬಿದ್ದೇನೆ. ಸರ್ ಗಂಟಲು ಸರಿಮಾಡಿಕೊಂಡರು.

"ಸಾರಿ ಜಸೀಲಾ. ಆಕ್ಷೇಪ ದಾಖಲಾಗಿದೆ. ಕೆಳಗೆ ಸ್ವಲ್ಪ ಕಾಯ್ತೀಯಾ?"

"ಥ್ಯಾಂಕ್ಯೂ ಸರ್," ಎಂದು ಅವಳು ಇಳಿದು ಹೋದಳು. ಅದನ್ನೂ ಅವರೇ ಕಲಿಸಿದ್ದಿರಬೇಕು.

ಓಟು ನಡೆಯಿತು. ಪರ ಐದು, ವಿರೋಧ ಐದು. ಸರ್ ಎರಡೆರಡು ಸಲ ಎಣಿಸಿದರು. ಸಮ ಬಂದರೆ ಗೊತ್ತುವಳಿ ಬಿದ್ದಂತೆ. ಅವರ ಕಣ್ಣಲ್ಲಿ ನೀರು ಬಂದದ್ದನ್ನು ನಾನೇ ನೋಡಿದೆ. ಯಾರನ್ನೂ ನೋಯಿಸದೆ, ಒಂದು ಮಾತನ್ನೂ ಆಡದೆ, ಬರೀ ನಿಯಮದ ಬಲದಿಂದ ನ್ಯಾಯ ಗೆದ್ದಿತ್ತು! ಗೊತ್ತುವಳಿ ಬಿದ್ದಿದೆ ಎಂದು ಘೋಷಿಸಿ, ಮುಖೇಶನ ಕೈ ಕುಲುಕಿ, ಮೊಣಕಾಲು ನೋವನ್ನೂ ಮರೆತು ಅವರು ಮೆಟ್ಟಿಲಿಳಿದು ಓಡಿದರು. ಹಿಂದೆ ನಾನು, ನನ್ನ ಹಿಂದೆ ಬೀಗದ ಕೈ ಹಿಡಿದ ಹೇಮಾಕ್ಷಿಯಕ್ಕ.

ಗೇಟಿನಲ್ಲಿ ಟೆಂಪೋ ಇರಲಿಲ್ಲ. "ಆಗಲೇ ಹೋದ್ರು," ಎಂದ ವಾಚ್‌ಮನ್.

ಹೇಮಾಕ್ಷಿಯಕ್ಕ ಫೋನು ಮಾಡಿದಾಗ ಜಸೀಲಾ ಮರ್ಯಾದೆಯಿಂದಲೇ ಮಾತಾಡಿದಳು. ಬಜಪೆಯಲ್ಲಿ ಚಿಕ್ಕಮ್ಮನ ಮನೆಯ ಮಾಳಿಗೆ ಖಾಲಿ ಉಂಟು, ಅಲ್ಲಿಗೇ ಹೋಗ್ತಾ ಇದ್ದೇವೆ ಎಂದಳು. ಗೊತ್ತುವಳಿ ಬಿದ್ದ ಸುದ್ದಿ ಕೇಳಿ, "ಹೌದಾ ಅಕ್ಕ, ಒಳ್ಳೇದಾಯ್ತು," ಎಂದಳಂತೆ.

ಒಸ್ವಾಲ್ಡ್ ಸರ್‌ಗೆ ಇದು ಅರ್ಥವೇ ಆಗಲಿಲ್ಲ. ಗೆದ್ದವರು ಯಾಕೆ ಹೋಗಬೇಕು? ಸಭೆ ಮುಗಿದ ಮೇಲೆ ಎಲ್ಲರೂ ಬಿರಿಯಾನಿ ತಿನ್ನಲು ಬರುತ್ತಾರೆ, ಒಳಗೆ ಆದದ್ದು ಒಳಗೇ ಉಳಿಯುತ್ತದೆ ಎಂಬುದು ಅವರ ಇಡೀ ಜೀವನದ ಅನುಭವ. ಟೆಂಪೋದಲ್ಲಿ ಕೂತವರಿಗೆ ಊಟದ ವಿರಾಮ ಇರುವುದಿಲ್ಲ ಎಂದು ಅವರಿಗೆ ಯಾರೂ ಹೇಳಿರಲಿಲ್ಲ. ನಡೆದದ್ದನ್ನು ಮದುವೆಯಿಂದ ಬಂದ ಗೆರ್ಟ್ರೂಡ್ ಬಾಯಿಗೆ ನಾನೇ ಹೇಳಿದೆ. ಅವರು ಕೂಗಾಡಲಿಲ್ಲ. "ಮುಂದಿನ ಭಾನುವಾರ ನಿಮ್ಮ ಕಾರು ತೆಗೀರಿ, ಬಜಪೆಗೆ ಹೋಗ್ಲಿಕ್ಕೆ ಉಂಟು," ಎಂದು ನನಗೆ ಹೇಳಿದರು. ಸರ್ ತಾವೂ ಹೊರಟರು, ಸಭೆಯ ನಡಾವಳಿಯನ್ನು ಟೈಪು ಮಾಡಿಸಿ ಫೈಲಿನಲ್ಲಿಟ್ಟುಕೊಂಡು. ಅದನ್ನು ನೋಡಿದರೆ ಜಸೀಲಾ ವಾಪಸು ಬರುತ್ತಾಳೆಂದು ಅವರ ಲೆಕ್ಕಾಚಾರ.

ಮಾಳಿಗೆ ಚಿಕ್ಕದು. ಒಂದು ಕಪಾಟು ಒಳಗೆ ಹಿಡಿಸದೆ ಜಗಲಿಯಲ್ಲಿ ನಿಂತಿತ್ತು. ಕಾಲೇಜಿಗೆ ಈಗ ಎರಡು ಬಸ್ಸು ಹಿಡಿಯಬೇಕು ಎಂದು ಜಸೀಲಾ ನನ್ನಲ್ಲಿ ಮೆತ್ತಗೆ ಹೇಳಿದಳು. ಅವಳ ತಾಯಿ ನಮಗೆ ಸುಲೈಮಾನಿ ಚಹಾ ತಂದಿಟ್ಟು, ಒಸ್ವಾಲ್ಡ್ ಸರ್‌ಗೆ ಫ್ಯಾನಿನ ಕೆಳಗಿನ ಕುರ್ಚಿ ಎಳೆದು ಕೊಟ್ಟರು. ಸರ್ ಫೈಲಿನ ದಾರ ಬಿಚ್ಚತೊಡಗಿದರು. ಅಷ್ಟರಲ್ಲಿ ಪಕ್ಕದ ನಿಲ್ದಾಣಕ್ಕೆ ಇಳಿಯುವ ವಿಮಾನವೊಂದು ತಲೆಯ ಮೇಲೆಯೇ ಹಾದುಹೋಯಿತು. ಸದ್ದು ನಿಲ್ಲುವವರೆಗೆ ತಾಯಿ ಕಾದರು.

"ಸಾರ್, ಇವಳನ್ನು ಕಾಂಪಿಟೀಷನ್‌ಗೆ ಬೆಂಗ್ಳೂರಿಗೆ ಕಳಿಸ್ಲಿಕ್ಕೆ ಹೆದರಿದಾಗ ನೀವೇ ಮನೆಗೆ ಬಂದು ನನಗೆ ಧೈರ್ಯ ಹೇಳಿದವರು. ಅದಕ್ಕೇ ಆ ದಿನ ಟೆಂಪೋದಲ್ಲಿ ಕೂತು ಇವಳಿಗೆ ಹೇಳಿದೆ, ಸಾರ್ ಎಲ್ಲೋ ಮದುವೆಗೆ ಹೋಗಿರ್ಬೇಕು ಅಂತ. ನೀವು ಮೇಲೆ ಇದ್ದಿದ್ರೆ ನಮ್ಮನ್ನು ಹೀಗೆ ಕಳಿಸ್ಲಿಕ್ಕೆ ಬಿಡ್ತಿದ್ರಾ? ನೀವು ಇರ್ಲಿಲ್ಲ ಅಲ್ಲವಾ ಸಾರ್?"

ಸರ್ ಬಾಯಿ ತೆರೆದರು. ಗೆರ್ಟ್ರೂಡ್ ಬಾಯಿ ಲೋಟ ಕೆಳಗಿಟ್ಟರು.

"ಇಲ್ಲ ಉಮ್ಮ," ಎಂದಳು ಜಸೀಲಾ, ಸರ್ ಕಡೆ ನೋಡದೆ. "ಸರ್ ಆ ದಿನ ಇರ್ಲಿಲ್ಲ."

ಒಸ್ವಾಲ್ಡ್ ಸರ್ ಅದನ್ನು ತಿದ್ದಲಿಲ್ಲ.