ಕುಂಬಾರ ಮಾವ ಮುಚ್ಚಿದ ಹೊಗೆ

ನಿನ್ನೆ ಬೆಳಿಗ್ಗೆ ಮೊಮ್ಮಗಳು ನೀರೊಲೆಯ ಕೆಂಡದ ಮೇಲೆ ಒಂದು ಚೊಂಬು ನೀರು ಸುರಿದಳು. ಚುರ್ ಅಂತ ಸದ್ದಾಗಿ, ಹಸಿ ಬೂದಿಯ ವಾಸನೆ ಹಿತ್ತಿಲ ತುಂಬ ಹರಡಿತು. ಓದುತ್ತಿದ್ದ ಪೇಪರನ್ನು ಕೆಳಗಿಟ್ಟೆ. "ಯಾಕ್ ತಾತ, ಕೆಮ್ಮು ಬಂತಾ?" ಅಂದಳು. ಕೆಮ್ಮಲ್ಲ... ಆ ವಾಸನೆ ಬಂದಾಗಲೆಲ್ಲ ನನಗೆ ಕುಂಬಾರ ಮಾವ ನೆನಪಾಗುತ್ತಾರೆ.

ಆಗ ಯುದ್ಧದ ಕಾಲ, ನಮ್ಮ ಜಿಲ್ಲೆ ಮದ್ರಾಸಿಗೆ ಸೇರಿತ್ತು. ಮಡಕಶಿರಾದವನಾದ ನನ್ನನ್ನು ರಾಯದುರ್ಗದಾಚೆ, ಡಿ. ಹಿರೇಹಾಳಿನ ಕಡೆಯ ಒಂದು ಹಳ್ಳಿಯ ಬೋರ್ಡು ಆಸ್ಪತ್ರೆಗೆ ಕಾಂಪೌಂಡರ್ ಮಾಡಿ ಹಾಕಿದ್ದರು. ಡಾಕ್ಟರು ರಾಯದುರ್ಗದಿಂದ ವಾರಕ್ಕೊಮ್ಮೆ ಬರುತ್ತಿದ್ದರು. ಮಿಕ್ಕ ದಿನ ನಾನೇ ಡಾಕ್ಟರು, ನಾನೇ ಜವಾನ. ಬಣ್ಣದ ನೀರಿನ ಮಿಕ್ಸ್ಚರು ಬಿಟ್ಟರೆ ನನ್ನ ಹತ್ತಿರ ಇದ್ದದ್ದು ಬಾಯಿಮಾತು ಒಂದೇ. ಯಾರು ಬಂದರೂ "ಏನೂ ಆಗಲ್ಲ, ಸುಮ್ನಿರಿ" ಅನ್ನುತ್ತಿದ್ದೆ. ಬದುಕುವವರಿಗೂ ಅದೇ, ಬದುಕದವರಿಗೂ ಅದೇ. ಅದು ನನ್ನ ದೊಡ್ಡ ಗುಣ ಅಂತಲೇ ತಿಳಿದಿದ್ದೆ, ಮೂರ್ಖ.

ಆಸ್ಪತ್ರೆಯ ಗೋಡೆಗೆ ಅಂಟಿಕೊಂಡೇ ಕುಂಬಾರರ ಮನೆ. ಯಜಮಾನರನ್ನು ಊರೆಲ್ಲ ಮಾವ ಅನ್ನುತ್ತಿತ್ತು, ನಾನೂ ಹಾಗೇ ಕರೆದೆ. ನನ್ನ ಮಾತನ್ನು ಅಣಕಿಸುವುದೆಂದರೆ ಅವರಿಗೆ ಎಲ್ಲಿಲ್ಲದ ಖುಷಿ. "ಕಾಂಪೌಂಡ್ರು ಓಯ್ತೀನಿ, ಬತ್ತೀನಿ ಅಂತಾರ ನೋಡ್ರಿ, ಅರ್ಧ ಮಾತು ಮಡಕಶಿರಾದಾಗ ಬಿಟ್ಟು ಬಂದಾರ" ಎಂದು ಕಟ್ಟೆಯ ಮೇಲಿದ್ದವರನ್ನೆಲ್ಲ ನಗಿಸುತ್ತಿದ್ದರು. ನಾನು ಆ ಊರಿಗೆ ಬಂದ ವರ್ಷವೇ ಅವರ ಹೆಂಡತಿ ಜ್ವರದಲ್ಲಿ ತೀರಿಕೊಂಡರು. ಹಿಂದಿನ ದಿನ ನಾಡಿ ಹಿಡಿದು, "ಏನೂ ಆಗಲ್ಲ ಮಾವ, ನಾಳೆ ಎದ್ದು ರೊಟ್ಟಿ ಬಡೀತಾರೆ" ಅಂದವನು ನಾನು. ಮಾವ ಆ ಮಾತನ್ನು ಮತ್ತೆ ಎತ್ತಲಿಲ್ಲ. ಮರೆತರು ಅಂದುಕೊಂಡೆ.

ಬಳ್ಳಾರಿ ಕಡೆಗೆ ಆಗಾಗ ವಿಮಾನಗಳು ಹಾರುತ್ತಿದ್ದವು. ವಿಮಾನದ ಸದ್ದು ಕೇಳಿದರೆ ಊರಲ್ಲಿ ಬೆಂಕಿ, ಹೊಗೆ ಕಾಣಬಾರದು, ಕಂಡರೆ ವೈರಿ ಬಾಂಬು ಹಾಕುತ್ತಾನೆ ಅಂತ ತಳವಾರ ತಮಟೆ ಬಡಿದು ಸಾರಿದ್ದ. ಸರ್ಕಾರ ಹೇಳಿದ್ದು ರಾತ್ರಿಯ ದೀಪದ ವಿಷಯವೋ ಏನೋ. ನಮ್ಮೂರಿಗೆ ಬರುವಷ್ಟರಲ್ಲಿ ಅದು ಹಗಲಿನ ಹೊಗೆಗೂ ಹಬ್ಬಿತ್ತು. ಒಲೆ ಉರಿಯುತ್ತಿದ್ದರೆ ಹೆಂಗಸರು ಅನ್ನ ಅರ್ಧ ಬೆಂದಿದ್ದರೂ ನೀರು ಹೊಯ್ದುಬಿಡುತ್ತಿದ್ದರು.

ಬೇಸಿಗೆಯ ಒಂದು ಮಧ್ಯಾಹ್ನ. ಒಣಗಿದ ಕೆರೆಯ ದಂಡೆಯಲ್ಲಿ ಮಾವ ಆವಿಗೆಗೆ ಬೆಂಕಿ ಕೊಟ್ಟಿದ್ದರು. ಆ ಬೇಸಿಗೆಯಲ್ಲಿ ಮಾಡಿದ ಗಡಿಗೆ, ಮಡಿಕೆ ಎಲ್ಲ ಅದರೊಳಗಿದ್ದವು. ಇದ್ದಕ್ಕಿದ್ದಂತೆ ಬಳ್ಳಾರಿ ದಿಕ್ಕಿನಿಂದ ಕೆಂಪು ಧೂಳು ಎದ್ದು ಬಂತು. ಆ ಧೂಳಿನೊಳಗಿಂದಲೇ ಒಂದು ಸಣ್ಣ ವಿಮಾನ ಕೆಮ್ಮುತ್ತಾ ಬಂದು ಕೆರೆ ಅಂಗಳದ ಮೇಲೆ ಸುತ್ತು ಹಾಕತೊಡಗಿತು. ಜನ ಮನೆ ಸೇರಿ ಬಾಗಿಲು ಹಾಕಿಕೊಂಡರು. ಮಾವ ಮಾತ್ರ ಆವಿಗೆಯ ಕಡೆ ಓಡಿದರು. ಮಣ್ಣು ಕಲಸಲು ತುಂಬಿಟ್ಟಿದ್ದ ನೀರನ್ನು ಕೊಡಗಟ್ಟಲೆ ಸುರಿದರು, ಹಸಿ ಮಣ್ಣು ಮೆತ್ತಿದರು. ಒಳಗೆ ಗಡಿಗೆಗಳು ಒಡೆಯುವ ಸದ್ದು ಆಸ್ಪತ್ರೆಯ ಮೆಟ್ಟಿಲಿಗೂ ಕೇಳಿಸುತ್ತಿತ್ತು. ಊರು ಉಳಿಯಬೇಕು ಅಂತ ಅಷ್ಟೂ ದುಡಿಮೆಯನ್ನು ಕೈಯಾರೆ ಹಾಳು ಮಾಡಿಕೊಂಡರು. ಹೊಗೆ ನಿಂತಿತು. ಸ್ವಲ್ಪ ಹೊತ್ತಿಗೆ ವಿಮಾನದ ಸದ್ದೂ ನಿಂತಿತು.

ಇಳಿಯಿತು... ಬಿರುಗಾಳಿ ಹಿಂದಿನಿಂದ ನೂಕುತ್ತಿತ್ತು. ಚಕ್ರ ನೆಲ ಮುಟ್ಟಿದ ಮೇಲೂ ಅದು ನಿಲ್ಲಲೇ ಇಲ್ಲ. ಅಂಗಳದ ಉದ್ದಕ್ಕೂ ಓಡಿ ಏರಿಯ ಕಲ್ಲಿಗೆ ಹೊಡೆಯಿತು. ನಾನೂ ಮಾವನೂ ಒಟ್ಟಿಗೇ ಓಡಿದೆವು. ಹಿಂದಿನ ಸೀಟಿನಲ್ಲಿದ್ದವನ ಪ್ರಾಣ ಹೋಗಿತ್ತು. ಓಡಿಸುತ್ತಿದ್ದವನು ಉತ್ತರ ದೇಶದ ಕಡೆಯ ಹುಡುಗ, ತೋಳು ಮುರಿದಿತ್ತು, ಹಣೆಯಿಂದ ರಕ್ತ. ನನ್ನ ಅಂಗಿ ಹಿಡಿದುಕೊಂಡು ಹಿಂದೂಸ್ತಾನಿಯಲ್ಲಿ ಒಂದೇ ಮಾತನ್ನು ಮತ್ತೆ ಮತ್ತೆ ಕೇಳಿದ. ಮಡಕಶಿರಾದಲ್ಲಿ ಸಾಬರ ಮನೆಗಳ ನಡುವೆಯೇ ಬೆಳೆದ ನನಗೆ ಅದು ಅರ್ಥವಾಯಿತು.

"ಏನಂತಾನ್ರಿ ಅವ?" ಅಂದರು ಮಾವ.

"ಹೊಗೆ ಎಲ್ಲಿ ಹೋಯ್ತು ಅಂತಾನೆ. ಗಾಳಿ ಯಾವ ಕಡೆ ಬೀಸ್ತೈತೆ ಅಂತ ಹೊಗೆ ನೋಡ್ಕೊಂಡು ಇಳೀತಿದ್ನಂತೆ."

ಹಿಂದುಮುಂದು ಯೋಚಿಸದೆ ಅಂದುಬಿಟ್ಟೆ. ಮಾವ ಮಣ್ಣು ಮೆತ್ತಿದ ತಮ್ಮ ಕೈ ನೋಡಿಕೊಂಡರು. "ನಾನ ಮುಚ್ಚಿದೆನಲ್ರೀ..." ಅಂದವರು ಸತ್ತವನ ಪಕ್ಕದಲ್ಲಿ ಕುಸಿದು ಕೂತರು.

ಹುಡುಗನನ್ನು ಆಸ್ಪತ್ರೆಗೆ ತಂದು ಕೈ ಕಟ್ಟಿದೆ. ಸಂಜೆಗೆ ಅವನ ತಲೆ ತಿಳಿಯಾಯಿತು. ಆವಿಗೆಯ ಕಥೆ ಹೇಳಿದೆ. ಅವನು ತಲೆ ಅಲ್ಲಾಡಿಸಿದ. ಹೊಗೆ ಹೋದ ಮೇಲೂ ಧೂಳು ನೋಡಿ ಗಾಳಿ ತಿರುಗಿದ್ದು ಅವನಿಗೆ ಗೊತ್ತಾಗಿತ್ತಂತೆ. ಆದರೆ ಎಂಜಿನ್ ಸತ್ತುಹೋಗಿತ್ತು, ಇನ್ನೊಂದು ಸುತ್ತು ಹಾಕಿ ಎದುರುಗಾಳಿಗೆ ಬರುವ ಶಕ್ತಿ ವಿಮಾನಕ್ಕೆ ಇರಲಿಲ್ಲ. "ಪೆಟ್ಟು ಬಿದ್ದ ಗಾಬರಿಯಲ್ಲಿ ಏನೇನೋ ಬಡಬಡಿಸಿದೆ, ಆ ಹಿರಿಯರದು ಏನೂ ತಪ್ಪಿಲ್ಲ, ಖಂಡಿತ ಹೇಳಿ" ಅಂದ. ಮಾವನನ್ನು ಕರೆದೆ. ಸತ್ತವನನ್ನು ಒಂಟಿ ಬಿಟ್ಟು ಬರಲು ಅವರು ಒಪ್ಪಲಿಲ್ಲ. ಅಷ್ಟರಲ್ಲಿ ಬಳ್ಳಾರಿಯಿಂದ ಲಾರಿ ಬಂದು ಹುಡುಗನನ್ನೂ ಹೆಣವನ್ನೂ ಒಯ್ದಿತು.

ಹುಡುಗ ಹೇಳಿದ್ದನ್ನೆಲ್ಲ ನಾನೇ ಹೋಗಿ ಹೇಳಿದೆ. ಮಾವ ಪೂರ್ತಿ ಕೇಳಿಸಿಕೊಂಡರು.

"ಚೆಂದ ಹೇಳ್ತೀರಿ ಕಾಂಪೌಂಡ್ರ. ನನ್ ಹೇಣ್ತಿ ಮಲಗಿದ್ದಾಗೂ ಹಿಂಗ ಹೇಳಿದ್ರಿ."

ಅದರಲ್ಲಿ ಸಿಟ್ಟು ಇರಲಿಲ್ಲ. ಇದ್ದಿದ್ದರೆ ಜಗಳವಾದರೂ ಆಡಬಹುದಿತ್ತು. ನಮ್ಮ ಕಡೆಯ ದೇವರು ಹೇಮಾವತಿ ಸಿದ್ದೇಶ್ವರನ ಆಣೆ ಇಟ್ಟೆ. ಮಾವ ನಕ್ಕು ನನ್ನ ಬೆನ್ನು ತಟ್ಟಿದರು, ಪಾಪ, ನನಗೇ ಸಮಾಧಾನ ಬೇಕಾಗಿದೆ ಅನ್ನುವ ಹಾಗೆ. ನಾನು ಯೋಚಿಸದೆ ಅಂದ ಕೆಟ್ಟ ಮಾತನ್ನು ಒಂದೇ ಸಲಕ್ಕೆ ನಂಬಿದ್ದರು. ಈ ಒಳ್ಳೆಯ ಮಾತನ್ನು ನಂಬಲಿಲ್ಲ.

ಆಮೇಲೆ ಅವರು ಆವಿಗೆ ಹಚ್ಚಲಿಲ್ಲ, ಬಳ್ಳಾರಿ ಕಡೆ ಕೂಲಿಗೆ ಹೋಗಿ ಬರತೊಡಗಿದರು. ಊರಲ್ಲಿದ್ದಾಗ ವಿಮಾನದ ಸದ್ದು ಕೇಳಿದರೆ ಸಾಕು, ಊಟ ಬಿಟ್ಟು ಎದ್ದು ಕೆರೆ ದಂಡೆಗೆ ಓಡಿ ಹಸಿ ಹುಲ್ಲಿಗೆ ಬೆಂಕಿ ಹಚ್ಚಿ ಹೊಗೆ ಎಬ್ಬಿಸುತ್ತಿದ್ದರು. ತಳವಾರ ಬೈದ, ಹುಡುಗರು ನಕ್ಕರು. ವಿಮಾನ ಕಣ್ಮರೆಯಾಗುವವರೆಗೆ ಮಾವ ತಲೆ ಎತ್ತಿ ನಿಂತೇ ಇರುತ್ತಿದ್ದರು. ಮೊದಲಿನ ತಮಾಷೆ, ಅಣಕ ಎಲ್ಲ ನಿಂತುಹೋಯಿತು. ಅದನ್ನು ನೋಡಲಾರದೆ ನಾನು ಆಸ್ಪತ್ರೆಯ ಕಿಟಕಿ ಹಾಕಿಕೊಳ್ಳುತ್ತಿದ್ದೆ.

ಯುದ್ಧ ಮುಗಿಯಿತು. ನನಗೆ ರಾಯದುರ್ಗಕ್ಕೆ ವರ್ಗವಾಯಿತು. ಒಂದು ದಿನ ಮಾವನನ್ನು ಗಾಡಿಯಲ್ಲಿ ಮಲಗಿಸಿಕೊಂಡು ಅಲ್ಲಿಗೇ ತಂದರು. ಹೊಟ್ಟೆ ಊದಿತ್ತು, ಕಣ್ಣು ಹಳದಿ. ಡಾಕ್ಟರು ನೋಡಿ ಸುಮ್ಮನೆ ಹೊರಗೆ ಹೋದರು. ನಾನು ನಾಡಿ ಹಿಡಿದು ಕೂತೆ.

"ಉಳೀತೀನೇನ್ರಿ ಕಾಂಪೌಂಡ್ರ?"

ಅಭ್ಯಾಸದ ಮಾತು ನಾಲಿಗೆಯ ತುದಿಗೆ ಬಂದಿತ್ತು. ನುಂಗಿಕೊಂಡೆ.

"ಇಲ್ಲ ಮಾವ. ಉಳಿಯೋದು ಕಷ್ಟ."

ಮಾವ ನನ್ನನ್ನು ಹೊಸಬನನ್ನು ನೋಡಿದಂತೆ ನೋಡಿದರು. ಆಮೇಲೆ ನನ್ನ ಮಣಿಕಟ್ಟು ಹಿಡಿದುಕೊಂಡರು.

"ಹಂಗಾದ್ರ... ಆ ಇಮಾನದ ಹುಡುಗ ಅಂದದ್ದೂ ಖರೇನೇನ್ರಿ?"

"ಖರೆ ಮಾವ. ಒಂದಕ್ಷರ ಸುಳ್ಳಿಲ್ಲ."

ಅವರ ಕಣ್ಣು ತುಂಬಿತು. "ಇಷ್ಟು ವರ್ಷ..." ಅಂದರು. ಗೋಡೆಯ ಕಡೆ ಹೊರಳಿ ಮಲಗಿದರು. ಮರುದಿನ ನಾನು ಹೋಗುವ ಹೊತ್ತಿಗೆ ಮಂಚ ಖಾಲಿಯಾಗಿತ್ತು.

ಈಗ ನನಗೆ ಆಗಿನ ಅವರಿಗಿಂತ ಹೆಚ್ಚು ವಯಸ್ಸಾಗಿದೆ. ಕೊನೆಗಾದರೂ ನಂಬಿದರಲ್ಲ ಅಂತ ಸಮಾಧಾನ ಮಾಡಿಕೊಳ್ಳಲು ನೋಡುತ್ತೇನೆ, ಆಗುವುದಿಲ್ಲ. ಅವರು ಹೊರಬೇಕಿಲ್ಲದ ಸಾವೊಂದನ್ನು ಹೊತ್ತು ಅಷ್ಟು ವರ್ಷ ಬದುಕಿದರು. ಅದನ್ನು ಇಳಿಸುವ ಮಾತು ಮೊದಲ ದಿನದಿಂದ ನನ್ನ ಬಾಯಲ್ಲೇ ಇತ್ತು. ಆ ಬಾಯಿಗೆ ಬೆಲೆ ಇಲ್ಲದಂತೆ ಮಾಡಿಕೊಂಡವನು ನಾನೇ.