ಹಾವಿನ ವರಸೆ

ನನ್ನ ಬಾಮೈದನ ಮೇಲೆ ನನಗೆ ಇವತ್ತಿಗೂ ಸಿಟ್ಟಿದೆ. ಸಿಟ್ಟಾದರೆ ಬಿಪಿ ಏರುತ್ತದೆ, ಏರಿದರೆ ಏನೇನಾಗಬಹುದು ಎಂದು ಯೋಚಿಸುತ್ತ ಕೂತರೆ ಇನ್ನೂ ಏರುತ್ತದೆ. ಆದರೂ ಇದೊಂದನ್ನು ಬಿಟ್ಟಿಲ್ಲ.

ಮಹದೇವಪುರದಲ್ಲಿ ಅವರದು ಹಳೆಯ ಹೊಲದ ಮೇಲೆ ಕಟ್ಟಿದ ಮನೆ. ಕೆಳಗಿನ ಕೋಣೆಗಳೆಲ್ಲ ಬಾಡಿಗೆಗೆ, ತಾರಸಿಯ ಶೀಟಿನ ಕೋಣೆ ಅವನ ಹಾವುಗಳಿಗೆ. ಎರಡು ಸಾವಿರದ ಇಸವಿ ಕಳೆದ ಮೇಲೆ ಶಿವಾಜಿನಗರದಲ್ಲಿ ಯಾರಿಂದಲೋ ಆಫ್ರಿಕಾದ ಹೆಬ್ಬಾವಿನ ಜೋಡಿಯೊಂದನ್ನು ತಂದಿದ್ದ. ಮುಟ್ಟಿದರೆ ಚೆಂಡಾಗಿ ಸುತ್ತಿಕೊಳ್ಳುವ ಸಾಧು ಜಾತಿ. ನಾನು ಹಲ್ಲಿ ಮೈಮೇಲೆ ಬಿದ್ದರೆ ಪಂಚಾಂಗ ತೆಗೆಯುವವನು. ಬಾಗಿಲಾಚೆ ನಿಂತೇ ಅವುಗಳ ಯೋಗಕ್ಷೇಮ ವಿಚಾರಿಸುತ್ತಿದ್ದೆ.

ಅವುಗಳ ಮರಿಗಳಲ್ಲಿ ಒಂದು ಗಂಡು, ಒಂದು ಹೆಣ್ಣು ತೀರ ಚಿಕ್ಕವು. ಗಂಡಿಗೆ ಅಪ್ಪನ ಹಾಗೆಯೇ ಜೇನುಬಣ್ಣ, ಮೇಲೆ ನೂಲಿನಂಥ ಕಪ್ಪು ಗೆರೆ. ಅಪಾರ್ಟ್‌ಮೆಂಟಿನವರಿಗೆ ಮೇಜಿನ ಮೇಲೆ ಹಿಡಿಸುವ ಹಾವು ಬೇಕಂತೆ. ಅದಕ್ಕೇ ಚಿಕ್ಕದಕ್ಕೆ ಚಿಕ್ಕದನ್ನು ಕೂಡಿಸಿ, ಹುಟ್ಟಿದ್ದರಲ್ಲಿ ಮತ್ತೆ ಚಿಕ್ಕದನ್ನೇ ಆರಿಸುವುದು ಅವನ ಯೋಜನೆ.

ಆದರೆ ಆ ಗಂಡಿನ ತಲೆ ನಿಲ್ಲುತ್ತಿರಲಿಲ್ಲ. ಒಂದು ಪಕ್ಕಕ್ಕೆ ವಾಲಿ, ನಡುಗಿ, ಅಂಗಾತ ತಿರುಗಿಬಿಡುತ್ತಿತ್ತು. ಇಲಿ ಎದುರಿಗಿದ್ದರೆ ಡಬ್ಬಿಯ ಗೋಡೆಗೆ ಎರಗುತ್ತಿತ್ತು.

ನಾಗರಪಂಚಮಿಯ ದಿನ. ಹುತ್ತಕ್ಕೆ ಹಾಲೆರೆದು, ಹಣೆಯ ಕುಂಕುಮ ಆರುವ ಮೊದಲೇ, ಪಂಚೆ ಎತ್ತಿಕಟ್ಟಿ ಬಾಮೈದ ಆ ಗಂಡನ್ನು ಹೆಣ್ಣಿನ ಡಬ್ಬಿಗೆ ಬಿಡಲು ಹೊರಟ.

"ಅದ್ರ ತಲೆ ನೋಡೋ!" ಎಂದೆ.

"ಆ ಬಣ್ಣದ ಜೊತೇಲೇ ಬರುತ್ತೆ ಭಾವ. ಇದ್ರಪ್ಪಂಗೂ ಸ್ವಲ್ಪ ಐತೆ. ಜನ ಡ್ಯಾನ್ಸ್ ಮಾಡ್ತದೆ ಅಂತ ಖುಷಿ ಪಡ್ತಾರೆ."

ನನ್ನ ಕಿವಿ ಬಿಸಿಯಾಯಿತು. ಹಿಂದಿನ ವಾರವಷ್ಟೇ ಇವನಿಗೆ ಹೆಣ್ಣು ನೋಡಲು ಗರುಡಾಚಾರ್‌ಪಾಳ್ಯಕ್ಕೆ ಹೋಗಿದ್ದೆವು. ಹುಡುಗಿಯ ಅಜ್ಜ ಇವರ ದಾಯಾದಿಯೆಂದು ತಿಳಿದದ್ದೇ, ವರಸೆಯಲ್ಲಿ ತಂಗಿಯಾಗುತ್ತಾಳೆ ಎಂದು ತಟ್ಟೆಯ ಬೋಂಡ ಮುಗಿಸಿ ಎದ್ದುಬಂದಿದ್ದ.

"ಎಲ್ಲೋ ಅಜ್ಜನ ಕಾಲದ ತಂಗಿ ಅಂತ ಎದ್ಬಂದ್ಯಲ್ಲೋ, ಇದು ಒಡಹುಟ್ಟಿದ ತಂಗಿ ಕಣೋ!"

"ಹಾವಿಗೆಲ್ಲಿ ವರಸೆ ಭಾವ? ಕಾಡಲ್ಲಿ ಕೇಳ್ಕೊಂಡು ಕೂಡ್ತವಾ?"

"ಕಾಡಲ್ಲಿ ತಲೆ ನಿಲ್ಲದಿದ್ರೆ ಹದ್ದು ಎತ್ಕೊಂಡ್ ಹೋಗುತ್ತೆ. ನೀನು ಅಂಥವೇ ಇನ್ನಷ್ಟು ಹುಟ್ಟಿಸ್ತಿದೀಯ!"

"ರೀ, ಮಾತ್ರೆ ತಗೊಂಡ್ರಾ?" ಎಂದು ಕೆಳಗಿನಿಂದ ಹೆಂಡತಿ ಕೂಗಿದಳು.

ಬಾಮೈದ ನಕ್ಕ. "ಅಷ್ಟು ಕರುಣೆ ಇದ್ರೆ ಮನೆಗೆ ತಗೊಂಡೋಗಿ. ಮೊದ್ಲು ಮುಟ್ಟಿ ನೋಡೋಣ."

ಮುಟ್ಟಲಿಲ್ಲ. ಡಬ್ಬಿ ಸಮೇತ ಎತ್ತಿಕೊಂಡೆ. ಹಲಸೂರಿನ ನಮ್ಮ ಮನೆಯವರೆಗೆ ಆಟೋದಲ್ಲಿ ಅದು ನನ್ನ ತೊಡೆಯ ಮೇಲಿತ್ತು. "ಏನ್ ಸಾರ್, ಕೇಕಾ?" ಎಂದ ಡ್ರೈವರಿಗೆ ಹೂಂ ಎಂದೆ. ದಾರಿಯುದ್ದಕ್ಕೂ ಮುಚ್ಚಳ ಒತ್ತಿ ಹಿಡಿದು ಹೆಬ್ಬೆರಳು ಮರಗಟ್ಟಿತ್ತು.

ಅವತ್ತಿನಿಂದ ಅದಕ್ಕೆ ಉಣಿಸುವುದು ನನ್ನ ಪಾಲಿಗೆ ಬಂತು. ಸತ್ತ ಇಲಿಯನ್ನು ಇಕ್ಕಳದಲ್ಲಿ ಹಿಡಿದು, ಆ ತಲೆ ತೂಗಾಡಿ ಎದುರಿಗೆ ಬರುವವರೆಗೆ ಕಾಯಬೇಕು. ಅದು ಎರಗುತ್ತದೆ, ಗುರಿ ತಪ್ಪುತ್ತದೆ, ಮೂತಿ ಗೋಡೆಗೆ ಬಡಿಯುತ್ತದೆ. ಪ್ರತಿ ಸಲವೂ ಬಾಮೈದನಿಗೆ ಒಂದು ಬೈಗುಳ. ಅಷ್ಟೊಂದು ಬೈಗುಳ ನನಗೆ ಗೊತ್ತಿವೆಯೆಂದು ಹೆಂಡತಿಗೆ ತಿಳಿದದ್ದೇ ಆಗ.

ಚಳಿಗಾಲಕ್ಕೆ ಅವನೇ ಬಂದ. ನಾನು ಇಕ್ಕಳ ಹಿಡಿದು ಕೂತಿದ್ದೆ.

"ಇದನ್ನ ಒಂದು ವಾರ ಕೊಡಿ ಭಾವ. ಹೆಣ್ಣು ರೆಡಿ ಆಗೈತೆ. ವಾಪಸ್ ತಂದ್ಕೊಡ್ತೀನಿ, ದೇವ್ರಾಣೆ."

"ಕೊಡಲ್ಲ."

"ಒಂದು ಹಾವಿಗೆ ಇಷ್ಟೊಂದಾ ಭಾವ?"

"ಕೊಡಲ್ಲ ಅಂದ್ನಲ್ಲ! ಇದೊಂದು ಅನುಭವಿಸೋದು ಸಾಲ್ದಾ? ಇಲ್ಲಿಗೆ ನಿಲ್ಲಲಿ!"

ನನ್ನ ಕೂಗಿಗೆ ಎದುರುಮನೆಯವರು ಕಿಟಕಿ ತೆಗೆದರು. ತನ್ನ ಅಕ್ಕ ಕೊಟ್ಟ ಕಾಫಿಯನ್ನು ಅವನು ನಿಧಾನವಾಗಿ ಕುಡಿದು, ಲೋಟ ತೊಳೆದಿಟ್ಟು, ಬಾಗಿಲಲ್ಲಿ ಚಪ್ಪಲಿ ಹಾಕಿಕೊಳ್ಳುತ್ತ ಅಂದ: "ಆಯ್ತು ಬಿಡಿ ಭಾವ. ಹೆಣ್ಣಿನ ಡಬ್ಬಿಗೆ ಅದ್ರಪ್ಪನ್ನೇ ಬಿಡ್ತೀನಿ."

ನಾನು ಇಕ್ಕಳ ಹಿಡಿದೇ ಮೆಟ್ಟಿಲಿಳಿದು ಓಡಿದೆ. ಅಷ್ಟರಲ್ಲಿ ಅವನ ಬೈಕು ತಿರುವು ದಾಟಿತ್ತು.